ಓಡುವ ನಾಯಿಗೆ ವಿಶ್ರಾಂತಿಯೇ ಮದ್ದು

(ತುಕ್ಕಾನಟ್ಟಿಯಲ್ಲಿ ಕುರಿಗಾಹಿಗಳು ಹಾಗೂ ನಾಯಿ ಸಾಕುವ ರೈತರ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಕೂಳೆಯ ಮೊನೆ ಎಷ್ಟು ಹರಿತ ಎಂಬುದನ್ನು ಘಟಪ್ರಭೆಯ ದಂಡೆಯ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಓರೆಯಾಗಿ ಕಡಿದ ದಂಟು ನಾಲ್ಕು ದಿನ ಬಿಸಿಲಿಗೆ ಒಣಗಿದರೆ ಬಡಗಿಯ ಉಳಿಯಂತಾಗುತ್ತದೆ. ಮೇಲೆ ರವದಿ ಹಾಸಿಕೊಂಡಿದ್ದರೆ ಆ ಮೊನೆ ಕಣ್ಣಿಗೂ ಬೀಳುವುದಿಲ್ಲ. ಕಾಲಿಗೆ ಚಪ್ಪಲಿ ಇದ್ದ ಮನುಷ್ಯನೂ ಅಲ್ಲಿ ನೋಡಿ ನೋಡಿ ಹೆಜ್ಜೆ ಇಡುತ್ತಾನೆ. ಓಟವೇ ಹುಟ್ಟುಗುಣವಾದ ನಾಯಿ ಮಾತ್ರ ಹಾಗೆ ನೋಡುವುದಿಲ್ಲ. ದೂರದ ಬದುವಿನ ಮೇಲೆ ಏನೋ ಸರಿದಂತೆ ಕಂಡರೆ ಸಾಕು, ಅದರ ಕಣ್ಣು ಅಲ್ಲಿ ನೆಟ್ಟಿರುತ್ತದೆ, ಕಾಲು ಬಿಟ್ಟ ಬಾಣವಾಗಿರುತ್ತದೆ.

ಹಾಗೆ ಓಡಿದ ನಾಯಿ ಮರಳಿ ಬರುವಾಗ ಹಿಂದೆ ರಕ್ತದ ಹೆಜ್ಜೆಗಳು ಮೂಡುತ್ತವೆ. ಮುಂಗಾಲನ್ನು ಎತ್ತಿ ಮೂರು ಕಾಲಿನಲ್ಲಿ ಕುಂಟುತ್ತಾ ಬಂದು ಒಡೆಯನ ಪಕ್ಕದಲ್ಲಿ ಮಲಗಿ ಅಂಗಾಲನ್ನು ನೆಕ್ಕತೊಡಗುತ್ತದೆ. ಆಗ ಸಾಮಾನ್ಯವಾಗಿ ಬರುವ ಮಾತು ಒಂದೇ: “ನೆಕ್ಕಿಕೊಂಡು ತಾನೇ ವಾಸಿ ಮಾಡಿಕೊಳ್ತದ, ಬಿಡು.” ಅದರ ಬೆನ್ನಿಗೇ ಬರುವ ಪ್ರಶ್ನೆ: “ನಾಳಿಗೆ ಓಡೀತೇನು?”

ಇಂದಿನ ಉಪನ್ಯಾಸದ ವಿಷಯ ಇದೇ ಮಾತು ಮತ್ತು ಇದೇ ಪ್ರಶ್ನೆ. ಗಾಯಗೊಂಡ ಅಂಗಾಲಿಗೆ ಮದ್ದು ಹಚ್ಚುವುದು ಕಷ್ಟದ ಕೆಲಸವಲ್ಲ. ಓಡಲು ಹಟ ಹಿಡಿದ ನಾಯಿಯನ್ನು, ಅದಕ್ಕಿಂತ ಹೆಚ್ಚಾಗಿ ಅದನ್ನು ಓಡಿಸಲು ಆತುರಪಡುವ ಮನುಷ್ಯನನ್ನು, ಎರಡು ಮೂರು ವಾರ ತಡೆದು ನಿಲ್ಲಿಸುವುದೇ ಕಷ್ಟದ ಕೆಲಸ.

ನೆರೆಯೂರಿನ ನಾಯಿ

ತುಕ್ಕಾನಟ್ಟಿ ಬಹುಕಾಲ ಗೋಕಾಕ ತಾಲ್ಲೂಕಿನಲ್ಲಿದ್ದು ಈಗ ಮೂಡಲಗಿ ತಾಲ್ಲೂಕಿಗೆ ಸೇರಿದ ಊರು. ಕೃಷಿ ವಿಜ್ಞಾನ ಕೇಂದ್ರದಿಂದಾಗಿ ಸುತ್ತಲಿನ ರೈತರಿಗೆ ಇದರ ಹೆಸರು ಪರಿಚಿತ. ಇಲ್ಲಿಂದ ಘಟಪ್ರಭೆಯ ಹರಿವನ್ನು ಹಿಡಿದು ಮೂಡಣಕ್ಕೆ ಸಾಗಿದರೆ ಕವಿ ರನ್ನನ ಊರಾದ ಮುಧೋಳ ಸಿಗುತ್ತದೆ. ಮುಧೋಳವನ್ನು ಇಂದು ದೇಶದ ಉದ್ದಗಲಕ್ಕೂ ಪರಿಚಯಿಸುತ್ತಿರುವುದು ಅಲ್ಲಿನ ಬೇಟೆನಾಯಿ. ತೆಳು ಮೈ, ಆಳವಾದ ಎದೆ, ಒಳಕ್ಕೆ ಸೇದಿದ ಹೊಟ್ಟೆ, ನೀಳವಾದ ಮೂತಿ, ಉದ್ದನೆಯ ಕಾಲುಗಳು ಇದರ ಗುರುತು. ಕರವಾನಿ ಎಂಬ ಹೆಸರೂ ಇದಕ್ಕುಂಟು. ವಾಸನೆಗಿಂತ ಹೆಚ್ಚಾಗಿ ದೃಷ್ಟಿಯಿಂದ ಬೇಟೆಯನ್ನು ಹಿಡಿಯುವ ನಾಯಿಗಳ ಗುಂಪಿಗೆ ಇದು ಸೇರುತ್ತದೆ. ಅರೇಬಿಯಾದ ಸಲೂಕಿ, ಇಂಗ್ಲೆಂಡಿನ ಗ್ರೇಹೌಂಡ್ ಇದರ ದೂರದ ಬಂಧುಗಳು.

ಮುಧೋಳ ಸಂಸ್ಥಾನದ ಅರಸ ಮಾಲೋಜಿರಾವ್ ಘೋರ್ಪಡೆ ಬೇಡರ ಬಳಿಯಿದ್ದ ಈ ನಾಯಿಗಳನ್ನು ಕಂಡು ಮೆಚ್ಚಿ, ಅವುಗಳ ತಳಿ ಬೆಳೆಸಲು ಪ್ರೋತ್ಸಾಹ ನೀಡಿದರು. ಬ್ರಿಟನ್ನಿನ ದೊರೆ ಐದನೆಯ ಜಾರ್ಜ್ ಅವರಿಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರು. ‘ಮುಧೋಳ್ ಹೌಂಡ್’ ಎಂಬ ಹೆಸರು ಬಂದದ್ದು ಆ ಬಳಿಕ ಎಂದು ಹೇಳುತ್ತಾರೆ. 2005ರ ಜನವರಿಯಲ್ಲಿ ಭಾರತೀಯ ಅಂಚೆ ಇಲಾಖೆ ನಾಲ್ಕು ದೇಶಿ ನಾಯಿ ತಳಿಗಳ ಅಂಚೆಚೀಟಿ ಹೊರತಂದಾಗ ಅದರಲ್ಲಿ ಮುಧೋಳದ ನಾಯಿಯೂ ಇತ್ತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ತಲೆಯೆತ್ತಿತು. 2016ರಲ್ಲಿ ಈ ತಳಿಯ ಮರಿಗಳು ತರಬೇತಿಗಾಗಿ ಮೀರತ್‌ನಲ್ಲಿರುವ ಸೇನೆಯ ಕೇಂದ್ರಕ್ಕೂ ಹೋದವು.

ಇಷ್ಟೆಲ್ಲ ಕೀರ್ತಿ ಬಂದರೂ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಈ ನಾಯಿ ಇಂದಿಗೂ ಕುರಿಹಿಂಡಿನ ಕಾವಲುಗಾರ, ಹೊಲದ ಜೊತೆಗಾರ. ಜಾತ್ರೆ ಉತ್ಸವಗಳಲ್ಲಿ ನಾಯಿಗಳ ಓಟ ಏರ್ಪಡಿಸುವುದೂ ಈ ಭಾಗಕ್ಕೆ ಹೊಸದಲ್ಲ. ಗೆದ್ದ ನಾಯಿಯ ಒಡೆಯನಿಗೆ ಊರಲ್ಲಿ ಒಂದು ತೂಕ. ಆ ನಾಯಿಯ ಮರಿಗೆ ಬೇಡಿಕೆ. ಹೀಗಾಗಿ ಜಾತ್ರೆಗೆ ಮೂರು ದಿನ ಇದೆ ಎನ್ನುವಾಗ ಅಂಗಾಲು ಸೀಳಿಕೊಂಡ ನಾಯಿಯ ಮುಂದೆ ಕೂತವನಿಗೆ ಬರುವ ಸಂಕಟ ಸಣ್ಣದಲ್ಲ. ಒಂದು ಕಡೆ ವರ್ಷದ ಆಸೆ, ಇನ್ನೊಂದು ಕಡೆ ನಾಯಿಯ ಕಾಲು.

ನೋವನ್ನು ಮುಚ್ಚಿಡುವ ಪ್ರಾಣಿ

ಎತ್ತಿನ ಕಾಲಿಗೆ ನೋವಾದರೆ ಅದು ಹೆಜ್ಜೆ ಕಿತ್ತಿಡದೆ ನಿಂತುಬಿಡುತ್ತದೆ. ಓಟದ ನಾಯಿ ಹಾಗಲ್ಲ. ಓಟದ ಉಮೇದಿನಲ್ಲಿ ಅದಕ್ಕೆ ನೋವಿನ ಅರಿವೇ ಮಂಕಾಗುತ್ತದೆ. ಬೇಟೆಯ ಹಿಂದೆ ಓಡುವಾಗ ಮೆತ್ತೆ ಹರಿದರೂ ಓಟ ಮುಗಿಯುವವರೆಗೆ ಕುಂಟುವುದಿಲ್ಲ. ನಿಂತ ಮೇಲೆ, ಮೈ ಆರಿದ ಮೇಲೆ ಕುಂಟು ಕಾಣಿಸುತ್ತದೆ. ಮರುದಿನ ಮತ್ತೆ ಏನಾದರೂ ಓಡಿದ್ದು ಕಂಡರೆ ಅದೇ ಕಾಲಿನಲ್ಲಿ ಮತ್ತೆ ಜಿಗಿಯುತ್ತದೆ. “ನಾಯಿ ಓಡ್ತಾ ಇದೆ, ಅಂದರೆ ವಾಸಿಯಾಗಿದೆ” ಎಂಬ ಲೆಕ್ಕ ಇಲ್ಲಿ ಪೂರ್ತಿ ತಪ್ಪು.

ಅಂಗಾಲಿನ ರಚನೆಯನ್ನು ತಿಳಿದರೆ ಇದರ ಅಪಾಯ ಅರ್ಥವಾಗುತ್ತದೆ. ನಾಯಿಯ ಪ್ರತಿ ಪಾದದಲ್ಲಿ ನಾಲ್ಕು ಬೆರಳುಗಳ ಕೆಳಗೆ ನಾಲ್ಕು ಸಣ್ಣ ಮೆತ್ತೆಗಳು, ನಡುವೆ ಒಂದು ದೊಡ್ಡ ಮೆತ್ತೆ ಇರುತ್ತವೆ. ಮುಂಗಾಲಿನ ಹಿಂಬದಿಯಲ್ಲಿ ಮಣಿಕಟ್ಟಿನ ಬಳಿ ಇನ್ನೊಂದು ಗುಂಡನೆಯ ಮೆತ್ತೆ ಇರುತ್ತದೆ. ವೇಗವಾಗಿ ಓಡುವಾಗ, ತಿರುಗುವಾಗ, ನಿಲ್ಲುವಾಗ ಅದೂ ನೆಲಕ್ಕೆ ತಾಗುತ್ತದೆ. ಮೆತ್ತೆಯ ಹೊರಪದರ ಮೈಯ ಬೇರೆ ಭಾಗದ ಚರ್ಮಕ್ಕಿಂತ ಬಹಳ ದಪ್ಪ ಮತ್ತು ಒರಟು. ಒಳಗಡೆ ಕೊಬ್ಬಿನ ಮೆತ್ತನೆ ಹಾಸು ಇದ್ದು, ನೆಲಕ್ಕೆ ಬಡಿದ ಪೆಟ್ಟನ್ನು ಅದು ಹೀರಿಕೊಳ್ಳುತ್ತದೆ. ಆ ಹಾಸಿನಲ್ಲಿ ರಕ್ತನಾಳಗಳು ಹೆಚ್ಚು. ಆದ್ದರಿಂದಲೇ ಅಂಗಾಲು ಸ್ವಲ್ಪ ಕೊಯ್ದರೂ ರಕ್ತ ಧಾರಾಳವಾಗಿ ಹರಿಯುತ್ತದೆ.

ನಿಂತ ನಾಯಿಯ ತೂಕದಲ್ಲಿ ಸುಮಾರು ಶೇ 60ರಷ್ಟನ್ನು ಮುಂಗಾಲುಗಳೇ ಹೊರುತ್ತವೆ. ನಾಗಾಲೋಟದಲ್ಲಿ ಒಂದೊಂದು ಕ್ಷಣ ಮೈಯ ಇಡೀ ಭಾರ ಒಂದೇ ಪಾದದ ಮೇಲೆ ಬೀಳುತ್ತದೆ. ಮೆತ್ತೆಯ ಗಾಯ ಕೂಡಿಕೊಳ್ಳಲು ತಡವಾಗುವುದು ಇದೇ ಕಾರಣಕ್ಕೆ. ಬೆನ್ನ ಮೇಲಿನ ಗಾಯದ ತುಟಿಗಳು ಸುಮ್ಮನೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅಂಗಾಲಿನ ಗಾಯದ ತುಟಿಗಳು ಒಂದೊಂದು ಹೆಜ್ಜೆಗೂ ಬಾಯಿ ತೆರೆಯುತ್ತವೆ. ತೆರೆದ ಬಾಯಿಗೆ ಮಣ್ಣು, ಸಗಣಿ, ಕೊಳೆನೀರು ಸೇರುತ್ತವೆ. ರಾತ್ರಿ ಕೂಡಿಕೊಂಡದ್ದು ಬೆಳಿಗ್ಗೆ ಹತ್ತು ಹೆಜ್ಜೆಗೆ ಹರಿಯುತ್ತದೆ.

ಮೊದಲ ಹತ್ತು ನಿಮಿಷ

ನಾಯಿ ಕುಂಟಿದ್ದು ಕಂಡ ಕೂಡಲೇ ಓಟ ನಿಲ್ಲಿಸಿ, ಹಗ್ಗ ಹಾಕಿ, ನೆರಳಿಗೆ ತರಬೇಕು. ಎಷ್ಟೇ ಸಾಧು ನಾಯಿಯಾದರೂ ನೋವಿದ್ದಾಗ ಒಡೆಯನನ್ನೇ ಕಚ್ಚಬಹುದು. ಮೃದುವಾದ ಬಟ್ಟೆಯ ಪಟ್ಟಿಯಿಂದ ಮೂತಿಯನ್ನು ಸಡಿಲವಾಗಿ ಕಟ್ಟುವುದುಂಟು. ಆದರೆ ಓಡಿ ದಣಿದು ಏದುಸಿರು ಬಿಡುತ್ತಿರುವ ನಾಯಿಯ ಬಾಯಿ ಕಟ್ಟಬಾರದು. ನಾಯಿಯ ಮೈಬಿಸಿ ಹೊರಹೋಗುವುದು ಮುಖ್ಯವಾಗಿ ತೆರೆದ ಬಾಯಿಯಿಂದಲೇ. ಮೊದಲು ನೀರು ಕುಡಿಸಿ, ತಣಿಸಿ, ಆಮೇಲೆ ಕಾಲು ನೋಡಬೇಕು.

ರಕ್ತ ಹರಿಯುತ್ತಿದ್ದರೆ ಚೊಕ್ಕ ಬಟ್ಟೆಯನ್ನು ಗಾಯದ ಮೇಲಿಟ್ಟು ಐದರಿಂದ ಹತ್ತು ನಿಮಿಷ ಒತ್ತಿ ಹಿಡಿಯಬೇಕು. ನಿಂತಿತೇ ಎಂದು ನಡುನಡುವೆ ಬಟ್ಟೆ ಎತ್ತಿ ನೋಡಿದರೆ ಹೆಪ್ಪು ಕಿತ್ತುಹೋಗುತ್ತದೆ. ಬಟ್ಟೆ ತೊಯ್ದರೆ ಅದರ ಮೇಲೆಯೇ ಇನ್ನೊಂದನ್ನು ಇಡಬೇಕು. ರಕ್ತ ಚಿಮ್ಮುತ್ತಿದ್ದರೆ ಅಥವಾ ಹತ್ತು ನಿಮಿಷ ಒತ್ತಿದರೂ ನಿಲ್ಲದಿದ್ದರೆ ಅದು ಮನೆಮದ್ದಿನ ಕೆಲಸವಲ್ಲ, ಪಶುವೈದ್ಯರ ಕೆಲಸ.

ರಕ್ತ ನಿಂತ ಬಳಿಕ ತೊಳೆಯುವುದು. ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ 9 ಗ್ರಾಂ, ಅಂದರೆ ಸುಮಾರು ಒಂದೂವರೆ ಟೀ ಚಮಚ ಉಪ್ಪು ಹಾಕಿದರೆ ಗಾಯ ತೊಳೆಯಲು ಹದವಾದ ನೀರು ಸಿದ್ಧವಾಗುತ್ತದೆ. ಇದನ್ನು ಧಾರೆಯಾಗಿ ಸುರಿದು ಮಣ್ಣು ಹೋಗುವವರೆಗೆ ತೊಳೆಯಬೇಕು. ಬೆರಳುಗಳ ಸಂದುಗಳನ್ನು ಬಿಡಿಸಿ ನೋಡಬೇಕು. ಅನೇಕ ವೇಳೆ ಗಾಯ ಮೆತ್ತೆಯ ಮೇಲೆ ಇರುವುದಿಲ್ಲ, ಎರಡು ಬೆರಳುಗಳ ನಡುವಿನ ತೆಳು ಚರ್ಮದಲ್ಲಿ ಇರುತ್ತದೆ. ಅಂಗಡಿಯಲ್ಲಿ ಸಿಗುವ ಪೊವಿಡೋನ್ ಅಯೋಡಿನ್ ದ್ರಾವಣವನ್ನು ತಿಳಿ ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ಬಳಸಬಹುದು.

ಜಾಲಿಯ ಮುಳ್ಳು ಮೇಲೆಯೇ ಕಾಣುತ್ತಿದ್ದರೆ ಚಿಮಟದಿಂದ ಚುಚ್ಚಿದ ದಿಕ್ಕಿನಲ್ಲಿಯೇ ನೇರವಾಗಿ ಎಳೆಯಬೇಕು. ಓರೆಯಾಗಿ ಎಳೆದರೆ ತುದಿ ಮುರಿದು ಒಳಗೇ ಉಳಿಯುತ್ತದೆ. ಒಳಗೆ ಮುರಿದ ಮುಳ್ಳನ್ನು ಸೂಜಿಯಿಂದ ಕೆದಕುತ್ತಾ ಕೂಡಬಾರದು. ಹುಲ್ಲಿನ ಚೂಪು ಬೀಜಗಳದ್ದು ಇನ್ನೊಂದು ಬಗೆಯ ಕಾಟ. ಬೆರಳ ಸಂದಿಗೆ ಹೊಕ್ಕ ಬೀಜ ಹಿಂದಕ್ಕೆ ಬರಲಾರದೆ ಒಳಕ್ಕೇ ಸರಿಯುತ್ತದೆ. ವಾರದ ಮೇಲೆ ಬೆರಳ ಸಂದು ಊದಿ, ಸಣ್ಣ ತೂತಿನಿಂದ ಕೀವು ಒಸರತೊಡಗಿದರೆ ಒಳಗೆ ಏನೋ ಉಳಿದಿದೆ ಎಂದೇ ತಿಳಿಯಬೇಕು.

ಬೇಸಿಗೆಯ ಗಾಯ ಬೇರೆ. ಮಾರ್ಚಿನಿಂದ ಮೇವರೆಗೆ ಡಾಂಬರು ರಸ್ತೆ ನಡುಹಗಲಲ್ಲಿ ಹೆಂಚಿನಂತೆ ಕಾಯುತ್ತದೆ. ಅಂಗೈಯ ಹಿಂಬದಿಯನ್ನು ರಸ್ತೆಗೆ ತಾಗಿಸಿ ಏಳು ಎಣಿಸುವವರೆಗೆ ಇಡಲಾಗದಿದ್ದರೆ ನಾಯಿಯನ್ನು ಅದರ ಮೇಲೆ ನಡೆಸಬಾರದು. ರವದಿಗೆ ಬೆಂಕಿ ಹಾಕಿದ ಹೊಲದಲ್ಲಿ ಮೇಲೆ ಬೂದಿ, ಕೆಳಗೆ ಕೆಂಡ. ಅಲ್ಲಿ ಕಾಲಿಟ್ಟ ನಾಯಿಯ ಮೆತ್ತೆ ಬೊಬ್ಬೆಯೆದ್ದು ಸಿಪ್ಪೆಯಂತೆ ಸುಲಿಯುತ್ತದೆ. ಸುಟ್ಟ ಪಾದವನ್ನು ಕನಿಷ್ಠ ಹತ್ತು ನಿಮಿಷ ತಣ್ಣೀರಿನಲ್ಲಿ ಇಡಬೇಕು. ಮಂಜುಗಡ್ಡೆ ಇಡಬಾರದು, ಬೊಬ್ಬೆ ಒಡೆಯಬಾರದು.

ಮಾಡಬಾರದ ಉಪಚಾರ

ಹಳ್ಳಿಗಳಲ್ಲಿ ಗಾಯಕ್ಕೆ ಹಚ್ಚುವ ವಸ್ತುಗಳ ಪಟ್ಟಿ ದೊಡ್ಡದು. ಸುಣ್ಣ, ಸೀಮೆಎಣ್ಣೆ, ಗಾಡಿಯ ಹಳೆ ಎಣ್ಣೆ, ಹೊಗೆಸೊಪ್ಪು, ಬೂದಿ, ಫಿನಾಯಿಲು. ಇವುಗಳಲ್ಲಿ ಸುಣ್ಣ, ಸೀಮೆಎಣ್ಣೆಗಳು ಹಸಿ ಮಾಂಸವನ್ನು ಸುಡುತ್ತವೆ. ಉಳಿದವು ಕೊಳೆಯನ್ನು ಗಾಯದಲ್ಲಿ ಕೂಡಿಹಾಕುತ್ತವೆ. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ನಾಯಿಯ ಕಾಲಿಗೆ ಹಚ್ಚಿದ್ದು ನಾಯಿಯ ಹೊಟ್ಟೆಗೆ ಹೋಗುತ್ತದೆ. ಅದು ನೆಕ್ಕದೆ ಬಿಡುವುದಿಲ್ಲ. ಫಿನಾಯಿಲು, ಹೊಗೆಸೊಪ್ಪು ಹೊಟ್ಟೆ ಸೇರಿದರೆ ವಿಷ. ಅರಿಸಿನಕ್ಕೆ ಗುಣವಿದ್ದರೂ ಅದನ್ನು ಪುಡಿಯಾಗಿ ಗಾಯದೊಳಕ್ಕೆ ತುಂಬಿದರೆ ಗಾಯ ತೊಳೆದದ್ದು ವ್ಯರ್ಥವಾಗುತ್ತದೆ.

ಮನುಷ್ಯರ ನೋವಿನ ಗುಳಿಗೆಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಗುಳಿಗೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಪ್ರಮಾಣ ಮೀರಿದರೆ ಯಕೃತ್ತಿಗೆ ಕೇಡು. ಮನೆಯಲ್ಲಿದ್ದ ಗುಳಿಗೆಯನ್ನು ರೊಟ್ಟಿಯಲ್ಲಿ ಸುತ್ತಿ ತಿನ್ನಿಸುವ ಅಭ್ಯಾಸ ಬಿಡಬೇಕು. ನೋವು ತಗ್ಗಿಸುವ ಔಷಧ ಪಶುವೈದ್ಯರ ಚೀಟಿಯ ಮೇಲೆಯೇ ಬರಬೇಕು. ಅದಕ್ಕೆ ಇನ್ನೊಂದು ಕಾರಣವೂ ಉಂಟು. ನೋವು ಪೂರ್ತಿ ಹೋದರೆ ನಾಯಿ ಪುನಃ ಓಡತೊಡಗುತ್ತದೆ. ಓಟದ ದಿನ ನೋವು ಕೊಲ್ಲುವ ಮದ್ದು ಕೊಟ್ಟು ಕುಂಟು ಮುಚ್ಚುವುದು ಉಪಚಾರವಲ್ಲ, ವಂಚನೆ. ಮೋಸ ಹೋಗುವುದು ಮೊದಲು ಆ ನಾಯಿಯೇ.

“ನೆಕ್ಕಿಕೊಂಡು ವಾಸಿಯಾಗ್ತದ” ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ನೆಕ್ಕುವುದರಿಂದ ಮೇಲಿನ ಕೊಳೆ ಹೋಗಬಹುದು. ಆದರೆ ನಾಯಿ ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಒರಟು ನಾಲಗೆಯಿಂದ ಉಜ್ಜಿ ಉಜ್ಜಿ ಕೂಡುತ್ತಿರುವ ಗಾಯವನ್ನು ಮತ್ತೆ ತೆರೆಯುತ್ತದೆ, ಬಾಯಿಯ ಸೋಂಕನ್ನು ಗಾಯಕ್ಕೆ ಸೇರಿಸುತ್ತದೆ.

ಗಾಯ ಇನ್ನೊಂದು ನಾಯಿ ಅಥವಾ ನರಿ ಕಚ್ಚಿದ್ದರಿಂದ ಆಗಿದ್ದರೆ ಮಾತು ಬೇರೆ. ಆಗ ಎದುರಿರುವ ಅಪಾಯ ಹುಚ್ಚುನಾಯಿ ರೋಗ. ಬರಿಗೈಯಲ್ಲಿ ಗಾಯ ಮುಟ್ಟದೆ, ನಾಯಿಯನ್ನು ಕೂಡಲೇ ಪಶುವೈದ್ಯರಿಗೆ ತೋರಿಸಿ ಲಸಿಕೆ ಹಾಕಿಸಬೇಕು. ಮನುಷ್ಯನಿಗೆ ಕಚ್ಚಿದ್ದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು.

ಪಟ್ಟಿ ಕಟ್ಟುವ ಬಗೆ

ತೊಳೆದ ಪಾದವನ್ನು ಒರೆಸಿ ಒಣಗಿಸಬೇಕು. ಬೆರಳುಗಳ ಸಂದಿಗೆ, ಒಳಬದಿಯ ಮೇಲುಗುರಿನ ಕೆಳಗೆ ಸ್ವಲ್ಪ ಸ್ವಲ್ಪ ಹತ್ತಿ ಇಡಬೇಕು. ಇಲ್ಲವಾದರೆ ಬೆವರಿ ಒಂದಕ್ಕೊಂದು ತಿಕ್ಕಿ ಹೊಸ ಹುಣ್ಣಾಗುತ್ತದೆ. ಗಾಯದ ಮೇಲೆ ಅಂಟದಂಥ ಗಾಜುಬಟ್ಟೆ, ಅದರ ಮೇಲೆ ಹತ್ತಿಯ ಹಾಸು, ಅದರ ಮೇಲೆ ಸುತ್ತುಪಟ್ಟಿ. ಬೆರಳಿನ ಕಡೆಯಿಂದ ಮೇಲಕ್ಕೆ ಸುತ್ತುತ್ತಾ ಮಣಿಕಟ್ಟಿನ ಮೇಲ್ಗಡೆಯವರೆಗೆ ಒಯ್ದರೆ ಜಾರಿ ಬೀಳುವುದಿಲ್ಲ. ನಡುವಿನ ಎರಡು ಬೆರಳುಗಳ ತುದಿ ಹೊರಗೆ ಕಾಣುವಂತೆ ಬಿಡುವುದು ಒಳ್ಳೆಯದು. ಆ ತುದಿಗಳು ಊದಿದರೆ, ತಣ್ಣಗಾದರೆ, ಉಗುರುಗಳು ಒಂದರಿಂದ ಒಂದು ದೂರ ಸರಿದರೆ ಪಟ್ಟಿ ಬಿಗಿಯಾಗಿದೆ ಎಂದೇ ಅರ್ಥ. ಬಿಗಿದ ಪಟ್ಟಿಯಿಂದ ಇಡೀ ಪಾದ ಕೊಳೆತು ಹೋಗಬಹುದು. ಅದಕ್ಕಿಂತ ಪಟ್ಟಿ ಇಲ್ಲದಿರುವುದೇ ಲೇಸು.

ಪಟ್ಟಿಯನ್ನು ದಿನಕ್ಕೊಮ್ಮೆ ಅಥವಾ ಎರಡು ದಿನಕ್ಕೊಮ್ಮೆ ಬದಲಿಸಬೇಕು. ಒದ್ದೆಯಾದರೆ ಅಂದೇ ಬದಲಿಸಬೇಕು. ಹೊರಗೆ ಹೋಗುವಾಗ ಮೇಲೊಂದು ಪ್ಲಾಸ್ಟಿಕ್ ಚೀಲ ಕಟ್ಟಿ, ಒಳಗೆ ಬಂದ ಕೂಡಲೇ ಬಿಚ್ಚಬೇಕು. ನಾಯಿ ಪಟ್ಟಿಯನ್ನು ಕಿತ್ತುಹಾಕುತ್ತಿದ್ದರೆ ತಳ ಕತ್ತರಿಸಿದ ಪ್ಲಾಸ್ಟಿಕ್ ಬಕೆಟ್ಟನ್ನೇ ಕೊರಳಪಟ್ಟಿಗೆ ಕಟ್ಟಿ ಬಾಯಿ ತಾಗದಂತೆ ಮಾಡಬಹುದು. ಕೆಟ್ಟ ವಾಸನೆ ಬಂದರೆ, ಕೀವು ಕಂಡರೆ, ನಾಯಿ ಊಟ ಬಿಟ್ಟರೆ ವೈದ್ಯರ ಬಳಿ ಹೋಗಲು ತಡಮಾಡಬಾರದು. ತೆರೆದ ಗಾಯಕ್ಕೆ ನೊಣ ಕೂತರೆ ಒಂದೆರಡು ದಿನದಲ್ಲಿ ಹುಳು ಬೀಳುತ್ತವೆ. ಕುರಿಹಟ್ಟಿಯ ನಾಯಿಗೆ ಈ ಅಪಾಯ ಹೆಚ್ಚು. ಪಶುವೈದ್ಯ ಸೇವೆಗೆ 1962 ಸಂಖ್ಯೆಗೆ ಕರೆ ಮಾಡುವ ಅನುಕೂಲವೂ ಈಗ ಇದೆ.

ಕೆಲವು ಗುರುತುಗಳನ್ನು ಕಂಡರೆ ಮನೆಯಲ್ಲಿ ಪಟ್ಟಿ ಕಟ್ಟುತ್ತಾ ದಿನ ಕಳೆಯಬಾರದು. ಬೆರಳೊಂದು ನೆಲಕ್ಕೆ ತಾಗದೆ ಮೇಲಕ್ಕೆ ಎದ್ದು ನಿಂತಿದ್ದರೆ ಅದನ್ನು ಬಗ್ಗಿಸುವ ಸ್ನಾಯುರಜ್ಜು ತುಂಡಾಗಿರಬಹುದು. ಗಾಯವೇ ಕಾಣದೆ ನಾಯಿ ಕಾಲು ಊರದಿದ್ದರೆ ಮೂಳೆ ಮುರಿದಿರಬಹುದು. ಗ್ರೇಹೌಂಡ್ ಪಂದ್ಯಗಳಲ್ಲಿ ನಾಯಿಗಳು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುವುದರಿಂದ ಬಲ ಹಿಂಗಾಲಿನ ಕೀಲುಮೂಳೆಗಳೇ ಹೆಚ್ಚಾಗಿ ಮುರಿಯುತ್ತವೆ ಎಂಬುದನ್ನು ಪಶುವೈದ್ಯರು ಗುರುತಿಸಿದ್ದಾರೆ. ಅಂದರೆ ಓಟದ ಪೆಟ್ಟು ಹೊರಗೆ ಕಾಣಲೇಬೇಕೆಂದಿಲ್ಲ. ಹೊಲಿಗೆ ಹಾಕಲು ಅರಿವಳಿಕೆ ಕೊಡುವ ಸಂದರ್ಭ ಬಂದರೆ ನಾಯಿಯ ತಳಿಯನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಮೈಯಲ್ಲಿ ಕೊಬ್ಬು ಕಡಿಮೆ ಇರುವ ಇಂಥ ಬೇಟೆನಾಯಿಗಳಿಗೆ ಕೆಲವು ಅರಿವಳಿಕೆ ಮದ್ದುಗಳ ಅಮಲು ಬೇಗ ಇಳಿಯುವುದಿಲ್ಲ.

ಮೂರು ವಾರದ ತಪಸ್ಸು

ಇನ್ನು ವಿಶ್ರಾಂತಿ. ಮೇಲುಮೇಲಿನ ತರಚು ಒಂದು ವಾರದಿಂದ ಹತ್ತು ದಿನಗಳಲ್ಲಿ ಮಾಯುತ್ತದೆ. ಆಳವಾದ ಸೀಳಿಗೆ ಎರಡು ಮೂರು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಮೈಯ ಬೇರೆಡೆಯ ಹೊಲಿಗೆಗಿಂತ ಅಂಗಾಲಿನ ಹೊಲಿಗೆಯನ್ನು ವೈದ್ಯರು ಹೆಚ್ಚು ದಿನ ಬಿಡುವುದು ಭಾರ ಹೊರುವ ಜಾಗ ಎಂಬ ಕಾರಣಕ್ಕೇ.

ವಿಶ್ರಾಂತಿ ಎಂದರೆ ನಾಯಿಯನ್ನು ಬಿಸಿಲಿನ ಗೂಟಕ್ಕೆ ಕಟ್ಟಿಹಾಕುವುದಲ್ಲ. ಒಣಗಿದ, ನೆರಳಿನ, ಚೊಕ್ಕ ಜಾಗ ಬೇಕು. ತೆಳು ಚರ್ಮದ ಈ ನಾಯಿಗೆ ಬರಿ ನೆಲದ ಮೇಲೆ ದಿನಗಟ್ಟಲೆ ಮಲಗಿದರೆ ಮೊಣಕೈ ಒರೆದು ಹುಣ್ಣಾಗುತ್ತದೆ. ಹಳೆ ಕೌದಿಯೋ ದಪ್ಪನೆಯ ಚೀಲವೋ ಕೆಳಗಿರಬೇಕು. ಮಲಮೂತ್ರಕ್ಕೆ ಮಾತ್ರ ಗಿಡ್ಡ ಹಗ್ಗದಲ್ಲಿ ಹಿಡಿದು ನಡೆಸಬೇಕು. ಓಟವಿಲ್ಲದ ದಿನಗಳಲ್ಲಿ ಊಟವನ್ನು ತುಸು ತಗ್ಗಿಸಬೇಕು. ಅದರ ಕಣ್ಣಿಗೆ ಬೆಕ್ಕು, ಕೋಳಿ, ಬೇರೆ ನಾಯಿಗಳ ಓಟ ಬೀಳದಂತೆ ಇರಿಸಿದರೆ ಕೆಲಸ ಅರ್ಧ ಹಗುರಾಗುತ್ತದೆ.

ನಾಲ್ಕನೆಯ ಐದನೆಯ ದಿನ ಪರೀಕ್ಷೆಯ ಕಾಲ. ಕುಂಟು ಹೋಗಿರುತ್ತದೆ. ಹಗ್ಗ ಎಳೆಯುತ್ತದೆ, ಬಾಲ ಆಡಿಸುತ್ತದೆ, ಮುಖ ನೋಡುತ್ತದೆ. ಪಾಪ ಎನಿಸಿ ಒಡೆಯ ಹಗ್ಗ ಬಿಚ್ಚುವುದು ಆಗಲೇ. ಹಗ್ಗ ಬಿಚ್ಚಿದ ಅರ್ಧ ನಿಮಿಷದಲ್ಲಿ ಐದು ದಿನದ ಆರೈಕೆ ಹರಿದುಹೋಗುತ್ತದೆ. ಮೊದಲ ಸಲ ಹರಿದ ಮೆತ್ತೆಗಿಂತ ಎರಡನೆಯ ಸಲ ಹರಿದದ್ದು ಕೂಡುವುದು ನಿಧಾನ. ಹೀಗೆ ಎರಡು ಮೂರು ಬಾರಿ ಆದರೆ ಗಾಯದ ಜಾಗದಲ್ಲಿ ಗಡುಸಾದ ಗಂಟು ಉಳಿದು, ಗಟ್ಟಿ ನೆಲದ ಮೇಲೆ ಕಾಲಿಟ್ಟಾಗಲೆಲ್ಲ ಕಲ್ಲಿನಂತೆ ಒತ್ತುತ್ತದೆ. ನಾಯಿ ಬದುಕಿರುವವರೆಗೆ ಕುಂಟುತ್ತದೆ.

ಹೊಸ ಚರ್ಮ ಮೊದಲು ತಿಳಿಗುಲಾಬಿ ಬಣ್ಣದಲ್ಲಿ, ನುಣುಪಾಗಿ ಇರುತ್ತದೆ. ಅದು ಅಕ್ಕಪಕ್ಕದ ಮೆತ್ತೆಯಷ್ಟೇ ಒರಟಾಗುವವರೆಗೆ ಓಟಕ್ಕೆ ಸಿದ್ಧವಲ್ಲ. ಆಮೇಲೂ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಮೊದಲ ಕೆಲವು ದಿನ ಮೆತ್ತನೆಯ ಮಣ್ಣಿನ ಮೇಲೆ ಹತ್ತು ನಿಮಿಷದ ನಡಿಗೆ, ಬಳಿಕ ಅದನ್ನು ಹೆಚ್ಚಿಸುವುದು, ಆಮೇಲೆ ಹಗುರ ಓಟ, ಕೊನೆಗೆ ಬಿಡು ಓಟ. ಪ್ರತಿ ದಿನ ಮನೆಗೆ ಬಂದ ಮೇಲೆ ನಾಲ್ಕೂ ಪಾದಗಳನ್ನು ಎತ್ತಿ ನೋಡಬೇಕು. ಕುದುರೆ ಸಾಕುವವರು ಗೊರಸನ್ನು ದಿನವೂ ನೋಡುತ್ತಾರೆ. ನಾಯಿಯ ಅಂಗಾಲಿಗೂ ಆ ಮರ್ಯಾದೆ ಸಲ್ಲಬೇಕು.

ಹಿಮದ ನಾಡಿನ ನಿಯಮ

ನಾಯಿ ತಾನಾಗಿ ನಿಲ್ಲುವುದಿಲ್ಲ, ಮನುಷ್ಯನೇ ನಿಲ್ಲಿಸಬೇಕು ಎಂಬ ಮಾತನ್ನು ನಿಯಮವಾಗಿ ಬರೆದಿಟ್ಟ ಉದಾಹರಣೆ ದೂರದ ಅಲಾಸ್ಕಾದಲ್ಲಿದೆ. ಅಲ್ಲಿ 1973ರಿಂದ ನಡೆಯುತ್ತಿರುವ ಇಡಿಟರಾಡ್ ಪಂದ್ಯದಲ್ಲಿ ನಾಯಿಗಳ ತಂಡಗಳು ಜಾರುಬಂಡಿ ಎಳೆಯುತ್ತಾ ಹಿಮದ ಮೇಲೆ ಸುಮಾರು 1,600 ಕಿಲೋಮೀಟರು ಸಾಗುತ್ತವೆ. ಆ ಪಂದ್ಯದ ಬಗ್ಗೆ ಪ್ರಾಣಿಪ್ರಿಯರ ಆಕ್ಷೇಪಗಳು ಇದ್ದೇ ಇವೆ. ಆದರೂ ಪಾದಗಳ ವಿಷಯದಲ್ಲಿ ಅಲ್ಲಿನ ನಿಯಮಗಳು ಗಮನಾರ್ಹ. ಹಿಮದ ಹರಳುಗಳು ಬೆರಳ ಸಂದು ಕೊಯ್ಯದಿರಲೆಂದು ಪ್ರತಿ ನಾಯಿಗೆ ಎಂಟರಂತೆ ಬಟ್ಟೆಯ ಕಾಲುಚೀಲಗಳು ಸವಾರನ ಬಳಿ ಇರಲೇಬೇಕು. ದಾರಿಯಲ್ಲಿ ಒಂದು ಬಾರಿ 24 ಗಂಟೆ, ಎರಡು ಬಾರಿ ಎಂಟೆಂಟು ಗಂಟೆ ಕಡ್ಡಾಯ ವಿಶ್ರಾಂತಿ. ತಂಗುದಾಣಗಳಲ್ಲಿ ಪಶುವೈದ್ಯರು ಇರುತ್ತಾರೆ. ದಣಿದ, ಗಾಯಗೊಂಡ ನಾಯಿಯನ್ನು ಅಲ್ಲಿಯೇ ಬಿಟ್ಟು ಮುಂದೆ ಹೋಗಬೇಕು. ಹಾಗೆ ಬಿಟ್ಟ ನಾಯಿ ಆ ವರ್ಷದ ಪಂದ್ಯಕ್ಕೆ ಮತ್ತೆ ಸೇರುವಂತಿಲ್ಲ.

ನಮ್ಮ ದೇಶದ ಕಾನೂನೂ ಈ ಬಗ್ಗೆ ಮೌನವಾಗಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನ ಪ್ರಕಾರ ಗಾಯ, ಹುಣ್ಣು, ರೋಗಗಳಿಂದ ಅಶಕ್ತವಾದ ಪ್ರಾಣಿಯನ್ನು ದುಡಿಸುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಮೊಲ, ಜಿಂಕೆಗಳ ಬೇಟೆಗೂ ಅವಕಾಶವಿಲ್ಲ. ಬೇಟೆ ಹೋಯಿತು, ಬೇಟೆನಾಯಿ ಉಳಿಯಿತು. ಅದರ ಓಟವನ್ನು ಎಲ್ಲಿ, ಎಷ್ಟು, ಹೇಗೆ ಓಡಿಸಬೇಕು ಎಂಬ ತೀರ್ಮಾನ ಸಂಪೂರ್ಣವಾಗಿ ಸಾಕಿದವನ ಕೈಗೆ ಬಂದಿದೆ.

ಕಲ್ಲಿನ ಮೇಲೆ ಉಳಿದ ಕಾಳಿ

ಕನ್ನಡ ನಾಡು ನಾಯಿಯನ್ನು ಮರೆತ ನಾಡಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನ ಇದಕ್ಕೆ ದೊಡ್ಡ ಸಾಕ್ಷಿ. ತಕ್ಕೋಲದ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೇರನಿಗೆ ಏನು ಬೇಕೆಂದು ಗಂಗರ ಅರಸ ಬೂತುಗ ಕೇಳಿದಾಗ, ಆತ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದಿಗೆ ಹೋರಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ನಾಯಿಯೂ ಹಂದಿಯೂ ಕಾದಾಡುವ ಚಿತ್ರವಿರುವ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ‘ಸಾರಮೇಯ ವಿನೋದ’ ಎಂಬ ಭಾಗವೇ ಇದೆ. ಸಾರಮೇಯ ಎಂದರೆ ನಾಯಿ. ಅದೇ ಚಾಲುಕ್ಯ ಮನೆತನದ ಕೀರ್ತಿವರ್ಮ ಕನ್ನಡದಲ್ಲಿ ‘ಗೋವೈದ್ಯ’ ಬರೆದ. ಅಭಿನವಚಂದ್ರ ಕುದುರೆಗಳ ವೈದ್ಯ ಕುರಿತು ‘ಅಶ್ವವೈದ್ಯ’ ಬರೆದ. ಉತ್ತರ ಕರ್ನಾಟಕದ ಕುರುಬರು ನಡೆದುಕೊಳ್ಳುವ ಮೈಲಾರಲಿಂಗನ ಪರಂಪರೆಯಲ್ಲಿ ವಗ್ಗಯ್ಯಗಳು ತಾವೇ ದೇವರ ನಾಯಿಗಳಾಗಿ ನಡೆದುಕೊಳ್ಳುತ್ತಾರೆ. ಇಷ್ಟು ಗೌರವ ನಾಯಿಗೆ ಇಲ್ಲಿ ಸಂದಿದೆ.

ಈ ನೆನಪುಗಳಲ್ಲಿ ಒಂದು ಸಂಗತಿ ಮನಸ್ಸಿಗೆ ತಟ್ಟುತ್ತದೆ. ಹಸುವಿಗೂ ಕುದುರೆಗೂ ವೈದ್ಯದ ಹೊತ್ತಗೆ, ನಾಯಿಗೆ ವಿನೋದದ ಅಧ್ಯಾಯ. ಕಾಳಿಗೆ ಕಲ್ಲು ಸಿಕ್ಕಿದ್ದು ಹೋರಾಡಿ ಸತ್ತದ್ದಕ್ಕೆ. ಗಾಯಗೊಂಡ ನಾಯಿಯನ್ನು ಮಡಿಲಿಗೆ ಎಳೆದುಕೊಂಡು ಮುಳ್ಳು ಕಿತ್ತವರಿಗೆ, ಮೂರು ವಾರ ಹಗ್ಗ ಬಿಚ್ಚದೆ ಕಾದವರಿಗೆ ಯಾರೂ ಕಲ್ಲು ನಿಲ್ಲಿಸುವುದಿಲ್ಲ. ಆದರೆ ಅಂಥ ಅನಾಮಿಕ ಕುರಿಗಾಹಿಗಳ, ಬೇಡರ, ರೈತರ ಆರೈಕೆ ಇಲ್ಲದಿದ್ದರೆ ಈ ತಳಿ ಅರಸರ ಕಣ್ಣಿಗೆ ಬೀಳುವವರೆಗೆ ಉಳಿಯುತ್ತಲೇ ಇರಲಿಲ್ಲ.

ಆದ್ದರಿಂದ ಜಾತ್ರೆಗೆ ಮೂರು ದಿನ ಇರುವಾಗ ಅಂಗಾಲು ಸೀಳಿದ ನಾಯಿಯ ಮುಂದೆ ಕೂತವನ ಪ್ರಶ್ನೆಗೆ ಉತ್ತರ ನೇರವಾಗಿಯೇ ಇದೆ. ನಾಳೆ ಅದು ಓಡೀತೇ? ಬಿಟ್ಟರೆ ಖಂಡಿತ ಓಡುತ್ತದೆ, ಬಿಡಬಾರದು. ಜಾತ್ರೆ ಬರುವ ವರ್ಷವೂ ಬರುತ್ತದೆ. ಆ ಹೊತ್ತಿಗೆ ನಾಯಿ ನಾಲ್ಕು ಕಾಲಿನ ಮೇಲೆ ನಿಂತಿರಬೇಕಾದರೆ ಈ ವರ್ಷ ಅದರ ಹಗ್ಗದ ತುದಿ ಗಟ್ಟಿಯಾದ ಕೈಯಲ್ಲಿರಬೇಕು.